ಮೂವತ್ತೊಂದನೆಯ ಸುತ್ತು

೨೦೨೪ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಲಿಫ್ಟಿನಲ್ಲಿ ಆರು ಜನರಿದ್ದರು. ಅವರಲ್ಲಿ ಮಾಸ್ಕ್ ಹಾಕಿಕೊಂಡಿದ್ದವನು ಅವನೊಬ್ಬನೇ. ನೆಲಮಹಡಿಯಿಂದ ಮೂರನೆಯ ಮಹಡಿಗೆ ಹದಿನೆಂಟು ಸೆಕೆಂಡು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಲ್ಲುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಹಾಗೆ ಮಾಡಿ ಬರುವ ಲಾಭ ಎಷ್ಟು ಸಣ್ಣದೆಂಬುದು ವಿಜ್ಞಾನ ಓದಿದ ಅವನಿಗೆ ತಿಳಿಯದ್ದೇನಲ್ಲ, ಆದರೂ ಬಾಗಿಲು ಮುಚ್ಚಿದ ಕೂಡಲೇ ಎದೆ ತಾನಾಗಿಯೇ ಎಣಿಕೆ ಶುರುಮಾಡುತ್ತಿತ್ತು. ಎರಡನೆಯ ಮಹಡಿ ದಾಟುವಾಗ ಮೂಲೆಯಲ್ಲಿದ್ದ ದಪ್ಪ ಮೀಸೆಯವನು ಸೀನಿದ. ಸೀನಿದವನು ತನ್ನ ಭುಜಕ್ಕೆ ತಾಗಿ ನಿಂತಿದ್ದವರ ಕಡೆ ನೋಡಲಿಲ್ಲ. ನೇರ ಇವನತ್ತ ತಿರುಗಿ “ಸಾರಿ ಸಾರ್” ಎಂದ. ಕುರುಡನ ಕೋಲಿಗೆ ಕಾಲು ತಾಗಿಸಿದವರ ದನಿ ಅದು. ಉಳಿದ ನಾಲ್ವರೂ ತಲೆಯೆತ್ತಿ ಇವನನ್ನು ನೋಡಿದರು, ಒಬ್ಬಳು ತುಟಿ ಕಚ್ಚಿ ನಗು ತಡೆದುಕೊಂಡಳು. “ಪರವಾಗಿಲ್ಲ” ಎನ್ನಲು ಬಾಯಿ ತೆರೆದದ್ದೇ ಹಿಡಿದಿಟ್ಟ ಉಸಿರೆಲ್ಲ ಹೊರಟುಹೋಯಿತು. ಹೊರಬಂದ ಮೇಲೂ ಕಿವಿ ಬಿಸಿಯಾಗಿಯೇ ಇತ್ತು. ನಾಲ್ಕು ವರ್ಷದ ಹಿಂದೆ ಇದೇ ಲಿಫ್ಟಿನಲ್ಲಿ ಮಾಸ್ಕ್ ಮೂಗಿನಿಂದ ಜಾರಿದ್ದಕ್ಕೆ ಯಾರೋ ಒಬ್ಬರನ್ನು ಎಲ್ಲರೂ ಸೇರಿ ಇಳಿಸಿದ್ದರು. ಇಳಿಸಿದವರಲ್ಲಿ ಈ ಮೀಸೆಯವನೂ ಇದ್ದನೇನೋ, ಆಗ ಯಾರ ಮೀಸೆಯೂ ಕಾಣುತ್ತಿರಲಿಲ್ಲ.

ಕಚೇರಿಯ ಬಾಗಿಲಲ್ಲಿ, ಕಾಲಿನಿಂದ ಒತ್ತಿದರೆ ಸ್ಯಾನಿಟೈಸರ್ ಚಿಮ್ಮುತ್ತಿದ್ದ ಕಬ್ಬಿಣದ ಸ್ಟ್ಯಾಂಡಿಗೆ ಈಗ ಛತ್ರಿಗಳನ್ನು ನೇತುಹಾಕುತ್ತಿದ್ದರು. ನೆಲಕ್ಕೆ ಆರಡಿಗೊಂದರಂತೆ ಅಂಟಿಸಿದ್ದ ಹಳದಿ ವೃತ್ತಗಳಲ್ಲಿ ಉಳಿದದ್ದು ಅರ್ಧ ಮಾತ್ರ, ಅದೂ ಜೆರಾಕ್ಸ್ ಮೆಷಿನ್ನಿನ ಅಡಿಯಲ್ಲಿ. ಅವನು ತನ್ನ ಮೇಜಿಗೆ ಹೋಗುವ ಮೊದಲು ಎಂದಿನಂತೆ ಎರಡು ಕಿಟಕಿಗಳನ್ನು ತೆರೆದ. “ಕಿಟಕಿಯವ್ರು ಬಂದ್ರು, ಎಲ್ಲ ಪೇಪರ್ ಹಿಡ್ಕೊಳ್ಳಿ” ಎಂದರು ಮೇಲ್ವಿಚಾರಕಿ, ತಲೆ ಎತ್ತದೆ. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಹೆಂಗಸು; ಆ ಅಡ್ಡಹೆಸರು ಇಟ್ಟವರೇ ಅವರು. ಅದರಲ್ಲಿ ಕೆಟ್ಟತನವಿರಲಿಲ್ಲ. ಚಳಿಗಾಲದಲ್ಲಿ ಶಾಲು ಹೊದ್ದು ಕೂರುತ್ತಿದ್ದರೇ ಹೊರತು ಕಿಟಕಿ ಮುಚ್ಚಿ ಎಂದು ಒಂದು ದಿನವೂ ಹೇಳಿದವರಲ್ಲ.

ಆ ಸಂಸ್ಥೆ ಆರು ವಾರಕ್ಕೊಮ್ಮೆ ಅದೇ ಸಾವಿರದ ಇನ್ನೂರು ಮನೆಗಳಿಗೆ ಫೋನು ಮಾಡಿ ಅವೇ ಪ್ರಶ್ನೆಗಳನ್ನು ಕೇಳುತ್ತಿತ್ತು. ಕಳೆದ ಏಳು ದಿನಗಳಲ್ಲಿ ಮಾಸ್ಕ್ ಧರಿಸಿದಿರಾ, ಹೊರಗಿನಿಂದ ಬಂದು ಕೈ ತೊಳೆದಿರಾ, ಕೆಮ್ಮು ನೆಗಡಿ ಇದ್ದಾಗ ಮನೆಯಲ್ಲೇ ಉಳಿದಿರಾ. ಕೇಳುವವರು ಬೇರೆ, ಅವನ ಕೆಲಸ ಕೇಳಿಸಿಕೊಳ್ಳುವುದು. ಹತ್ತಕ್ಕೊಂದರಂತೆ ಕರೆಗಳ ಧ್ವನಿಮುದ್ರಣ ಅವನಿಗೂ ಇನ್ನು ಮೂವರಿಗೂ ಹಂಚಿಕೆಯಾಗುತ್ತಿತ್ತು. ಪ್ರಶ್ನೆಯನ್ನು ಬರೆದಂತೆಯೇ ಓದಿದರೇ, ಉತ್ತರಕ್ಕೆ ಸಮಯ ಕೊಟ್ಟರೇ, ಹೇಳಿದ್ದನ್ನೇ ನಮೂದಿಸಿದರೇ ಎಂದು ನೋಡಿ, ಕೊನೆಯಲ್ಲಿ ‘ನಮೂದು ಸರಿಯಿದೆ’ ಎಂಬ ಚೌಕದಲ್ಲಿ ಟಿಕ್ ಹಾಕಬೇಕು. ಇಷ್ಟು ವರ್ಷಗಳಲ್ಲಿ ಅವನಿಗೆ ಉತ್ತರಗಳಿಗಿಂತ ಉತ್ತರದ ಹಿಂದಿನ ಮೌನ ಹೆಚ್ಚು ಪರಿಚಯವಾಗಿತ್ತು. ಅರ್ಧ ಸೆಕೆಂಡಿನಲ್ಲಿ ಬಂದದ್ದು ನಿಜ. ಎರಡು ಸೆಕೆಂಡು ತಡವಾದದ್ದು ಸಾಮಾನ್ಯವಾಗಿ ಸುಳ್ಳು. ನಾಲ್ಕು ಸೆಕೆಂಡು ಮೀರಿದರೆ ಮತ್ತೆ ನಿಜ. ಅಷ್ಟು ಹೊತ್ತು ಹುಡುಕಿ ಯಾರೂ ಸುಳ್ಳು ಹೇಳುವುದಿಲ್ಲ. ಮೂರನೆಯ ಸುತ್ತಿನಲ್ಲಿ, ಹೊರಗೆ ಹೋದಾಗಲೆಲ್ಲ ಮಾಸ್ಕ್ ಹಾಕುತ್ತೇನೆ ಎಂದವರು ನೂರಕ್ಕೆ ಎಂಬತ್ತೊಂದು ಮಂದಿ, ಮೂವತ್ತನೆಯದರಲ್ಲಿ ನಾಲ್ಕು. ಭಯ ಹೋಗಿತ್ತು ಎನ್ನಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಹಳೆಯ ಬಾಡಿಗೆದಾರ ಮನೆ ಖಾಲಿ ಮಾಡದೆ ಹಿಂದಿನ ಕೋಣೆಗೆ ಸರಿದುಕೊಂಡ ಹಾಗೆ, ಅದು ಎಲ್ಲೋ ಇತ್ತು. ಕಳೆದ ಸುತ್ತಿನಲ್ಲಿ ಒಬ್ಬಾತ ಪ್ರಶ್ನೆ ಪೂರ್ತಿಯಾಗುವ ಮೊದಲೇ, ಬಹಳ ದಿನದಿಂದ ಕಾಣದ ನೆರೆಯವರ ಬಗ್ಗೆ ವಿಚಾರಿಸುವಂತೆ, “ಅದು ಇನ್ನೂ ಇದೆಯಾ ಮೇಡಂ?” ಎಂದು ಕೇಳಿದ್ದ.

ಈಗ ನಡೆಯುತ್ತಿದ್ದದ್ದು ಮೂವತ್ತೊಂದನೆಯ, ಕೊನೆಯ ಸುತ್ತು. “ಮುಂದಿನ ತಿಂಗಳಿಂದ ಹಲ್ಲುಜ್ಜೋದರ ಮೇಲಂತೆ” ಎಂದು ಮೇಲ್ವಿಚಾರಕಿ ಹೇಳಿದ್ದರು. “ಅದಕ್ಕೂ ಜನ ಸುಳ್ಳೇ ಹೇಳ್ತಾರೆ, ನಿಮಗೇನೂ ಬೇಜಾರಾಗಲ್ಲ.” ಕೊನೆಯ ಸುತ್ತೆಂದು ಒಂದೇ ಒಂದು ಹೊಸ ಪ್ರಶ್ನೆ ಸೇರಿತ್ತು: ನಿಮ್ಮ ಮನೆಗೆ ಕಾಯಿಲೆ ಬಂದಿದ್ದರೆ, ಅದು ಹೇಗೆ ಬಂತೆಂದು ನೀವು ತಿಳಿದಿದ್ದೀರಿ? ಅದನ್ನು ಸೂಚಿಸಿದವನು ಅವನೇ. ಕಾಯಿಲೆಯ ಮೂಲದ ಬಗ್ಗೆ ಜನರಿಗಿರುವ ನಂಬಿಕೆಗೂ ಅವರ ಎಚ್ಚರಕ್ಕೂ ಸಂಬಂಧವಿರಬಹುದು ಎಂದು ಸಭೆಯಲ್ಲಿ ವಿವರಿಸಿದ್ದ. ವಿವರಿಸುವಾಗ ಮಾಸ್ಕಿನೊಳಗೆ ಬೆವರು ಇಳಿದದ್ದು ಯಾರಿಗೂ ಕಂಡಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಅವನು ಆ ದಿನದ ನಾಲ್ಕನೆಯ ಧ್ವನಿಮುದ್ರಣ ತೆರೆದ. ಕೇಳುತ್ತಿದ್ದವರು, ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ಈಗಲೂ ಎಲ್ಲರೂ ಟೀಚರ್ ಎನ್ನುವ ಹೆಂಗಸು. ಅರ್ಹತೆಯ ಪ್ರಶ್ನೆಯನ್ನು ಅವರು ಅಕ್ಷರಶಃ ಓದಿದರು: ನಿಮ್ಮ ಕುಟುಂಬದವರು ಅಥವಾ ಹತ್ತಿರದ ಸಂಬಂಧಿಗಳು ಯಾರಾದರೂ ಈ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆಯೇ?

“ಇಲ್ಲ ಟೀಚರ್, ಯಾರೂ ಇಲ್ಲ. ಪ್ರತಿ ಸಲ ಕೇಳ್ತೀರ, ಪ್ರತಿ ಸಲ ಅದೇ ಹೇಳ್ತೀನಿ.”

ಅಕ್ಕನ ದನಿ. ‘ಪ್ರತಿ ಸಲ’ ಎನ್ನುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುವ ರೀತಿ. ಚಿಕ್ಕಂದಿನಲ್ಲಿ ಅವನಿಗೆ ಮಗ್ಗಿ ಹೇಳಿಕೊಡುವಾಗಲೂ ಅವಳು ಹಾಗೆಯೇ ಎಳೆಯುತ್ತಿದ್ದಳು. ನಿಯಮ ಸ್ಪಷ್ಟವಾಗಿತ್ತು. ಪರಿಚಿತ ದನಿ ಕೇಳಿದ ಕೂಡಲೇ ನಿಲ್ಲಿಸಬೇಕು, ಮೇಲ್ವಿಚಾರಕಿಗೆ ತಿಳಿಸಬೇಕು. ಮೂವತ್ತು ಸುತ್ತುಗಳಲ್ಲಿ ಎರಡು ಸಲ ಅವನು ಹಾಗೆ ಮಾಡಿದ್ದ, ಒಮ್ಮೆ ತನ್ನ ಹಲ್ಲಿನ ಡಾಕ್ಟರಿಗಾಗಿ, ಒಮ್ಮೆ ಹಳೆಯ ಸಹಪಾಠಿಗಾಗಿ; ಎರಡು ಸಲವೂ ಮೂರು ಸೆಕೆಂಡಿನೊಳಗೆ. ಈಗಲೂ ಬೆರಳು ಗುಂಡಿಯ ಮೇಲೇ ಇತ್ತು. ಪರದೆಯ ಮೂಲೆಯಲ್ಲಿ, ಈಕೆ, ಬಿಟ್ಟುಹೋದ ಮನೆಯೊಂದರ ಬದಲಿಗೆ, ಒಂಬತ್ತನೆಯ ಸುತ್ತಿನಿಂದ ಉತ್ತರಿಸುತ್ತಿದ್ದಾಳೆಂದಿತ್ತು. ಇಪ್ಪತ್ತಮೂರು ಸುತ್ತು, ಎರಡೂವರೆ ವರ್ಷಕ್ಕೂ ಹೆಚ್ಚು. ಪ್ರತಿ ಗುರುವಾರ ಸಂಜೆ ಅವನು ಅವಳ ಮನೆಗೆ ಹೋಗಿ ಕೂತು ಬರುತ್ತಿದ್ದ, ಈ ಕರೆಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಅವಳು. ಹತ್ತರಲ್ಲೊಂದು ಕರೆ, ಕೇಳುವವರು ನಾಲ್ವರು, ಸುತ್ತಿಗೆ ನಲವತ್ತರಲ್ಲೊಂದು. ಇಪ್ಪತ್ತಮೂರು ಸುತ್ತುಗಳಲ್ಲಿ ಒಮ್ಮೆಯಾದರೂ ಅವಳ ಕರೆ ತನ್ನ ಕಿವಿಗೆ ಬೀಳುವ ಸಾಧ್ಯತೆ ನೂರಕ್ಕೆ ನಲವತ್ತನಾಲ್ಕು. ತಾನು ಕೇಳಲೆಂದೇ ಹೇಳುತ್ತಿದ್ದಾಳೆಯೇ? ಅಕ್ಕ ಇಂಥ ಲೆಕ್ಕ ಹಾಕುವವಳಲ್ಲ. ಲೆಕ್ಕ ಹಾಕುವವನು ಅವನು, ಹಾಕುತ್ತಲೇ ಬೆರಳನ್ನು ಗುಂಡಿಯಿಂದ ತೆಗೆದಿದ್ದ.

“ಕಳೆದ ಏಳು ದಿನಗಳಲ್ಲಿ ಯಾವ ಸಂದರ್ಭಗಳಲ್ಲಿ ಮಾಸ್ಕ್ ಧರಿಸಿದಿರಿ?”

“ಗುರುವಾರ ಸಂಜೆ, ಒಂದು ಗಂಟೆ.”

“ಹೊರಗಡೆ ಹೋಗಿದ್ದಾಗಲಾ?”

“ಮನೇಲೇ. ನನ್ನ ತಮ್ಮ ಬರ್ತಾನೆ. ನಾನು ಹಾಕ್ಕೊಂಡಿಲ್ಲ ಅಂದ್ರೆ ಬಾಗಿಲಲ್ಲೇ ನಿಂತಿರ್ತಾನೆ, ಒಳಗೇ ಬರಲ್ಲ. ಕೂರಲಿ ಅಂತ ಹಾಕ್ಕೋತೀನಿ. ಅವನು ಅತ್ಲಾಗೆ ಹೋದ್ಮೇಲೆ ನಮ್ಮನೆಯವರು ‘ಗ್ರಹಣ ಬಿಡ್ತು’ ಅಂತಾರೆ.”

ಟೀಚರ್ ನಕ್ಕರು. ನಗಬಾರದಿತ್ತು, ಅರ್ಧ ಅಂಕ ಕಳೆಯಬೇಕು. ಅವನು ಅಭ್ಯಾಸಬಲದಿಂದ ಕಳೆದ. ಅಕ್ಕನ ಶ್ವಾಸಕೋಶ ಆ ಕಾಯಿಲೆ ಬಂದುಹೋದ ಮೇಲೆ ಮೊದಲಿನಷ್ಟು ಗಟ್ಟಿಯಿಲ್ಲ, ಅವಳಿಗಾಗಿ ತಾನು ಹಾಕಿಕೊಳ್ಳುತ್ತೇನೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಅವಳು ಇಸ್ತ್ರಿ ಮಾಡುತ್ತಲೋ ಬಟ್ಟೆ ಮಡಚುತ್ತಲೋ ಮಾಸ್ಕಿನ ಮೇಲಿಂದ ಕಣ್ಣಷ್ಟೇ ತೋರಿಸಿ ಮಾತಾಡುವಾಗ, ಎಚ್ಚರ ಕಲಿತಳಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದ.

ಹೊಸ ಪ್ರಶ್ನೆ ಬಂತು. ಟೀಚರ್ ಅದನ್ನು ಅವನು ಬರೆದುಕೊಟ್ಟ ಹಾಗೆಯೇ, ಒಂದು ಪದ ಬಿಡದೆ ಓದಿದರು. ಆಮೇಲೆ ಮೌನ. ಪರದೆಯ ಮೇಲೆ ದನಿಯ ಗೆರೆ ಚಪ್ಪಟೆಯಾಗಿ ಸಾಗಿತು. ಐದು ಸೆಕೆಂಡು, ಏಳು, ಒಂಬತ್ತು. ಅಕ್ಕನ ಮನೆಯ ಗೋಡೆಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಆ ಗಡಿಯಾರದ ಕೆಳಗಿನ ಮಂಚದ ಮೇಲೆಯೇ ಅಮ್ಮ ಕೂತಿದ್ದದ್ದು, ಕಾಲು ಚಾಚಿ. ಬಗ್ಗಲು ಆಗದ ಅಮ್ಮನ ಕಾಲುಗುರು ಕತ್ತರಿಸುವುದು ಅವನ ಕೆಲಸವಾಗಿತ್ತು. ಅಕ್ಕನ ಕೈ ನಡುಗುತ್ತದೆ, ಅಳಿಯನ ಕೈಗೆ ಕಾಲು ಕೊಡಲು ಅಮ್ಮನಿಗೆ ಸಂಕೋಚ. ಎರಡು ವಾರಕ್ಕೊಂದು ಭಾನುವಾರ ಅವನು ಬರುತ್ತಿದ್ದ, ಬಿಸಿನೀರಿನಲ್ಲಿ ಪಾದ ನೆನೆಸಿ, ತೊಡೆಯ ಮೇಲೆ ಟವೆಲು ಹಾಸಿ, ಒಂದೊಂದೇ ಬೆರಳು ಹಿಡಿದು. ಆ ದಿನ ಹೆಬ್ಬೆರಳಿನ ಉಗುರು ಒಳಗೆ ತಿರುಗಿ ಮಾಂಸಕ್ಕೆ ಚುಚ್ಚಿತ್ತು. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ ಉಗುರಿನ ಅಂಚು ಕಾಣಲಿಲ್ಲ; ಅಮ್ಮನಿಗೆ ಎಲ್ಲಿ ನೋವಾಗುತ್ತದೋ ಎಂದು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡ. ಇಪ್ಪತ್ತು ನಿಮಿಷ. ಎರಡು ಸಲ ಕೆಮ್ಮು ಬಂತು. “ಏನೋ ಅದು?” ಎಂದಳು ಅಮ್ಮ. “ಧೂಳು” ಎಂದ. “ಒಂದು ಲೋಟ ಬಿಸಿನೀರು ಕುಡಿದು ಹೋಗು” ಎಂದಳು. ಕುಡಿದು ಹೋದ. ನಾಲ್ಕನೆಯ ದಿನ ಮನೆಯವರೆಲ್ಲರಿಗೂ ಜ್ವರ. ಹದಿನಾರನೆಯ ದಿನ ಆಸ್ಪತ್ರೆಯವರು ಫೋನು ಮಾಡಿ, ಇಬ್ಬರೇ ಬನ್ನಿ ಎಂದರು. ಯಾರಿಂದ ಯಾರಿಗೆ ಬಂತೆಂದು ಅಂದಿನಿಂದ ಇಂದಿನವರೆಗೆ ಅಕ್ಕನೂ ಕೇಳಿಲ್ಲ, ಭಾವನೂ ಕೇಳಿಲ್ಲ. ಆ ದಿನಗಳಲ್ಲಿ ಗಾಳಿಯೇ ಹಾಗಿತ್ತು. ಯಾರಿಗೆ ತಾನೆ ಗೊತ್ತಾಗುತ್ತಿತ್ತು.

ಹನ್ನೊಂದು ಸೆಕೆಂಡು.

“ನನ್ನ ತಮ್ಮನಿಂದ ಬಂತು” ಎಂದಳು ಅಕ್ಕ. “ಅಮ್ಮನ ಉಗುರು ತೆಗೆಯೋಕೆ ಬಂದಿದ್ದ. ಕೆಮ್ಮಿದ. ನಾನು ಅಡುಗೆಮನೇಲಿ ಇದ್ದೆ, ಕೇಳಿಸ್ತು.”

“ಸರಿಯಮ್ಮ. ಅದಕ್ಕೆ ಒಂದು ಕೋಡ್ ಇದೆ, ‘ಕುಟುಂಬದ ಸದಸ್ಯರಿಂದ’ ಅಂತ. ನಾಲ್ಕು.”

“ನಾಲ್ಕು ಹಾಕ್ಕೊಳ್ಳಿ. ಪಕ್ಕದಲ್ಲಿ, ಅವನಿಗೆ ಗೊತ್ತಿರ್ಲಿಲ್ಲ ಅಂತಲೂ ಬರ್ಕೊಳ್ಳಿ.”

“ಅದಕ್ಕೆ ಕಾಲಮ್ ಇಲ್ಲಮ್ಮ.”

“ಇಲ್ಲ ಅಂದ್ರೆ ಹೇಗೆ ಟೀಚರ್? ಬರೀ ನಾಲ್ಕು ಅಂದ್ರೆ ಬೇಕು ಅಂತ ತಂದ ಹಾಗೆ ಆಗುತ್ತಲ್ಲ. ಅವನು ಪಾಪ ಧೂಳು ಅಂದ್ಕೊಂಡಿದ್ದ. ಗೊತ್ತಿದ್ದಿದ್ರೆ ಗೇಟ್ ದಾಟ್ತಿರ್ಲಿಲ್ಲ. ಅಂಥವನಲ್ಲ ಅವನು.”

“ಷರಾದಲ್ಲಿ ಬರೀತೀನಿ ಬಿಡಿ.”

ಕೀಲಿಗಳ ಸದ್ದು. ಪರದೆಯ ಬಲಭಾಗದಲ್ಲಿ ಷರಾ ಇತ್ತು: ‘ತಮ್ಮನಿಗೆ ಗೊತ್ತಿರಲಿಲ್ಲ.’ ಅದರ ಕೆಳಗೆ ಚೌಕ: ‘ನಮೂದು ಸರಿಯಿದೆ.’

ಹೇಳಿದ್ದೂ ಬರೆದದ್ದೂ ಒಂದೇ. ಅಷ್ಟನ್ನೇ ಅವನು ದೃಢೀಕರಿಸಬೇಕಾಗಿದ್ದದ್ದು. ಹೇಳಿದ್ದು ಸತ್ಯವೇ ಅಲ್ಲವೇ ಎಂಬುದು ಅವನ ಕೆಲಸಕ್ಕೆ ಸೇರಿದ್ದಲ್ಲ. ಸಾವಿರಾರು ಟಿಕ್ ಹಾಕಿದ ಕೈ ಮೌಸಿನ ಮೇಲೆ ಕೂತೇ ಇತ್ತು. ಏಕೆಂದರೆ ಅವನಿಗೆ ಗೊತ್ತಿತ್ತು. ಆ ಭಾನುವಾರ ಮನೆಯಿಂದ ಹೊರಡುವಾಗಲೇ ಗೊತ್ತಿತ್ತು. ಅದರ ಹಿಂದಿನ ಭಾನುವಾರ ಸೋಮಾರಿತನದಿಂದ, ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲದೆ, ಜ್ವರ ಬಂದಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದ. ಆಗ ಅದಕ್ಕಿಂತ ಒಳ್ಳೆಯ ನೆಪವಿರಲಿಲ್ಲ. ಜ್ವರ ಎಂದರೆ ಸಾಕು, ಬಾ ಎನ್ನುವವರೇ ಇರಲಿಲ್ಲ. ವಾರವಿಡೀ ಅಮ್ಮ ಉಗುರಿನ ನೋವಿಗೆ ನರಳಿದಳಂತೆ. ಶನಿವಾರ ಭಾವ ಫೋನು ಮಾಡಿ, “ಏನಪ್ಪ, ಭಾನುವಾರಕ್ಕೊಂದು ಜ್ವರ ಬುಕ್ ಮಾಡಿಸಿದೀಯೋ, ನಾಳೆ ಬರ್ತೀಯೋ?” ಎಂದು ನಕ್ಕಿದ್ದರು. ಮಾರನೆಯ ಬೆಳಿಗ್ಗೆ ನಿಜವಾದ ಜ್ವರವೇ ಬಂದಾಗ ಹೇಳಲು ಬಾಯಿ ಬರಲಿಲ್ಲ. ಭಾವನ ನಗು ಕಿವಿಯಲ್ಲಿತ್ತು. ಮಾಸ್ಕ್ ಹಾಕಿಕೊಂಡರಾಯಿತು, ಇಪ್ಪತ್ತು ನಿಮಿಷದ ಮಾತು ಎಂದುಕೊಂಡು ಹೋದ. ಇಷ್ಟೇ. ಇಷ್ಟನ್ನು ಅವನು ಮೂರು ವರ್ಷಗಳಿಂದ, ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಕಿಟಕಿಗಳ ಪಕ್ಕದಲ್ಲಿ, ಮಾಸ್ಕಿನ ಬಟ್ಟೆಯ ಒಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದ. ಜನ ಅದನ್ನು ಎಚ್ಚರ ಎನ್ನುತ್ತಿದ್ದರು.

ಅಕ್ಕನ ಮಾತು ಕಿವಿಯಲ್ಲಿ ಹಾಗೇ ನಿಂತಿತ್ತು. ಇಷ್ಟು ಕಾಲ ಅವನು ಹೆದರಿದ್ದು, ತನ್ನಿಂದ ಬಂತೆಂದು ಅಕ್ಕನಿಗೆ ತಿಳಿದರೆ ಏನಾಗುತ್ತದೋ ಎಂದು. ಅವಳಿಗೆ ತಿಳಿದಿತ್ತು. ತಿಳಿದೂ ಪ್ರತಿ ಗುರುವಾರ ಬಾಗಿಲು ತೆರೆದಿದ್ದಳು, ಅವನು ಕೂರಲೆಂದು ಮೂಗು ಮುಚ್ಚಿಕೊಂಡಿದ್ದಳು. ಅವನಿಗೆ ಬೇಕಾದ ಕ್ಷಮೆ ಇಲ್ಲೇ, ಹೆಡ್‌ಫೋನಿನಲ್ಲಿ, ಕೇಳದೆಯೇ ಸಿಕ್ಕಿತ್ತು. ಒಂದು ಟಿಕ್ ಹಾಕಿದರೆ ಅದು ದಾಖಲೆಯೂ ಆಗುತ್ತಿತ್ತು. ಆದರೆ ಅವಳು ಕ್ಷಮಿಸಿದ್ದು ಆ ಬೆಳಿಗ್ಗೆ ಏನೂ ತಿಳಿಯದೆ ಬಂದ ಒಬ್ಬ ತಮ್ಮನನ್ನು. ಅಂಥವನೊಬ್ಬ ಆ ಗೇಟು ದಾಟಿ ಬಂದೇ ಇರಲಿಲ್ಲ.

ಅವನು ಎದ್ದು ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತ. “ಮೇಡಂ, ನಾಲ್ಕನೇ ಫೈಲು ನನ್ನ ಅಕ್ಕಂದು.”

“ಕೊಡಿ, ಬೇರೆಯವರಿಗೆ ಹಾಕ್ತೀನಿ. ಎಷ್ಟು ಕೇಳಿದ್ರಿ?”

“ಪೂರ್ತಿ.”

ಅವರು ಕನ್ನಡಕ ತೆಗೆದು ನೋಡಿದರು. “ನೀವಾ?”

“ಹೌದು.”

“ಕೊನೇ ಸುತ್ತು. ಯಾರು ನೋಡ್ತಾರೆ, ಟಿಕ್ ಹಾಕ್ಬಿಡಿ ಅತ್ಲಾಗೆ.”

“ಅದಾಗಲ್ಲ ಮೇಡಂ.”

“ಸಂಬಂಧಿಕರು ಅಂತ ಬರೆದ್ರೆ ಆಯಮ್ಮನ ಹಿಂದಿನ ಉತ್ತರ ಎಲ್ಲ ತೆಗೀಬೇಕಾಗುತ್ತೆ. ಇಪ್ಪತ್ತಮೂರು ಸುತ್ತಿಂದು.” ಅವರು ದನಿ ತಗ್ಗಿಸಿ ಕೇಳಿದರು: “ಏನಾದ್ರೂ ಕೆಟ್ಟದ್ದು ಹೇಳಿದ್ರಾ ನಿಮ್ಮ ಬಗ್ಗೆ?”

“ಇಲ್ಲ. ಒಳ್ಳೇದೇ ಹೇಳಿದಾಳೆ.”

“ಮತ್ತೆ ಯಾಕೆ ಹೀಗೆ ಬೆವರ್ತಿದೀರ? ಹೋಗಿ ನಿಮ್ಮ ಕಿಟಕಿ ಹತ್ರ ನಿಂತ್ಕೊಳ್ಳಿ.”

ಸಂಜೆ ಆರೂ ಕಾಲಿಗೆ ಅವನು ಅಕ್ಕನ ಮನೆಯ ಗೇಟು ತೆರೆದ. ಅಗುಳಿಯ ಸದ್ದಿಗೆ ಒಳಗೆ ಓಡಾಟ ಕೇಳಿಸಿತು. ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಮಾಸ್ಕಿನ ದಾರವನ್ನು ಎರಡನೆಯ ಕಿವಿಗೆ ಸಿಕ್ಕಿಸುತ್ತಿದ್ದಳು. ಸದ್ದಿಗೂ ಮಾಸ್ಕಿಗೂ ನಡುವೆ ಇರುವ ಈ ಅವಸರವನ್ನು ಅವನು ಇಷ್ಟು ವರ್ಷ ಕಂಡೇ ಇರಲಿಲ್ಲ. ಭಾವ ಟೀವಿಯಿಂದ ಕಣ್ಣು ತೆಗೆಯದೆ, “ಬನ್ನಿ ಡಾಕ್ಟ್ರೇ, ಆಪರೇಷನ್ ಯಾರಿಗೆ ಇವತ್ತು?” ಎಂದರು. ಪ್ರತಿ ವಾರದ ಜೋಕು. ಪ್ರತಿ ವಾರದಂತೆ ಅವನು ಮಾಸ್ಕಿನೊಳಗೆ ನಕ್ಕ.

ಅಕ್ಕ ಒಳಕೋಣೆಯಲ್ಲಿ ಭಾವನ ಷರಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. “ತೆಗಿ ಅಕ್ಕ ಅದನ್ನ” ಎಂದ. “ನನಗೋಸ್ಕರ ಹಾಕ್ಕೋಬೇಡ.”

ಅವಳ ಕೈ ಕಾಲರಿನ ಮೇಲೆ ನಿಂತಿತು. ಮಾಸ್ಕಿನ ಮೇಲಿನ ಕಣ್ಣುಗಳು ಅವನನ್ನು ಒಂದು ಸಲ ಅಳೆದವು. “ಕೇಳಿಬಿಟ್ಯಾ?” ಎಂದಳು.

“ಕೇಳಿದೆ.”

“ಆ ಟೀಚರ್‌ಗೆ ಬೈತಾರಾ? ಅವರದೇನೂ ತಪ್ಪಿಲ್ಲ ಕಣೋ. ನಮ್ಮವರು ಯಾರೂ ಅಲ್ಲಿಲ್ಲ ಅಂತ ಸುಳ್ಳು ಹೇಳಿದ್ದು ನಾನು.”

“ಯಾಕೆ ಹೇಳ್ದೆ?”

“ಇದಾರೆ ಅಂದ್ರೆ ಫೋನ್ ಇಟ್ಬಿಡ್ತಿದ್ರು. ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ಯಾರೋ ಒಬ್ರು ಫೋನ್ ಮಾಡಿ, ನೀವು ಹೇಗಿದೀರಿ, ಉಸಿರಾಟ ಹೇಗಿದೆ ಅಂತ ನಿಧಾನವಾಗಿ ಕೇಳಿದ್ರು. ನೀನೂ ಬರ್ತಿದ್ದೆ, ಬಾಗಿಲಲ್ಲಿ ನಿಂತು ಆಕ್ಸಿಜನ್ ಎಷ್ಟಿದೆ ಅಂತ ಕೇಳ್ತಿದ್ದೆ.” ಅವಳು ಮಾಸ್ಕ್ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಗಲ್ಲದ ಮೇಲೆ ಪಟ್ಟಿಯ ಗುರುತು ಬಿದ್ದಿರಲಿಲ್ಲ, ಹಾಕಿಕೊಂಡು ಐದು ನಿಮಿಷವೂ ಆಗಿರಲಿಲ್ಲವಲ್ಲ. ಬಾಯಿಯ ಎರಡೂ ಬದಿಯ ಗೆರೆಗಳು ಅಮ್ಮನವೇ ಆಗಿಹೋಗಿದ್ದವು. ಯಾವಾಗ ಆದವೋ.

“ಅಮ್ಮನ ವಿಷಯಾನೂ ಕೇಳಿದೆ” ಎಂದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಹಾಲಿನಲ್ಲಿ ಟೀವಿಯ ದನಿ ಇಳಿಯಿತು, ಭಾವ ಕಿವಿಗೊಟ್ಟಿರಬೇಕು. “ಒಂದು ವರ್ಷ ಸಿಟ್ಟಿತ್ತು ನಿನ್ನ ಮೇಲೆ” ಎಂದಳು ಅಕ್ಕ, ಷರಟಿನ ತೋಳು ಸರಿಪಡಿಸುತ್ತ. “ಯಾರ ಹತ್ರಾನೂ ಹೇಳ್ಕೊಂಡಿಲ್ಲ. ನೀನು ಬಂದಾಗೆಲ್ಲ ಕೇಳೋಣ ಅನ್ಸೋದು. ಕೇಳಿ ಏನು ಮಾಡ್ಲಿ? ನಿನಗೂ ಬಂದಿತ್ತು, ನೀನೂ ಸಾಯಬಹುದಿತ್ತು. ಆಮೇಲೆ ಯಾವತ್ತೋ ಹೊರಟೋಯ್ತು ಸಿಟ್ಟು. ನಿನಗೆ ಗೊತ್ತಿರ್ಲಿಲ್ವಲ್ಲ. ಗೊತ್ತಿಲ್ದೇ ಆಗಿದ್ದಕ್ಕೆ ಏನಂತ ಕೇಳೋದು.”

ಇಲ್ಲಿಗೆ ಬಿಡಬಹುದಿತ್ತು. ಹೂಂ ಎಂದರೆ ಸಾಕಾಗಿತ್ತು. ಹೂಂ ಎನ್ನಲೂ ಬೇಕಿರಲಿಲ್ಲ, ತಲೆ ತಗ್ಗಿಸಿ ಕೂತಿದ್ದರೆ ಅವಳು ಮುಂದಿನ ಷರಟು ತೆಗೆದುಕೊಳ್ಳುತ್ತಿದ್ದಳು. ಕಿಟಕಿಯ ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು, ನೀರು ಚರಂಡಿಗೆ ಇಳಿಯುವ ಸದ್ದು ಬರುತ್ತಿತ್ತು. ತಾನು ಮತ್ತೆ ಎಣಿಸುತ್ತಿದ್ದೇನೆಂದು ಅವನಿಗೆ ತಿಳಿಯಿತು. ಎರಡು ಸೆಕೆಂಡು ದಾಟಿತ್ತು. ನಾಲ್ಕೂ ದಾಟಿತು.

“ಗೊತ್ತಿತ್ತು ಅಕ್ಕ.”

“ಏನು ಗೊತ್ತಿತ್ತು? ಧೂಳು ಅಂದೆ.”

“ಅಮ್ಮನಿಗೆ ಹಾಗಂದೆ. ಹಿಂದಿನ ವಾರ ಜ್ವರ ಅಂತ ಸುಳ್ಳು ಹೇಳಿದ್ದೆ. ಈ ವಾರ ನಿಜ ಹೇಳಿದ್ರೆ ಯಾರೂ ನಂಬಲ್ಲ, ನಗ್ತಾರೆ ಅಂತ...” ಮಾಸ್ಕಿನೊಳಗಿನಿಂದ ಹೇಳುವ ಮಾತಲ್ಲ ಎನಿಸಿ ಅದನ್ನು ತೆಗೆದ. ತೆಗೆದ ಕೈಗೆ ಇಡುವ ಜಾಗ ಹೊಳೆಯದೆ ಮುದುರಿ ಹಿಡಿದುಕೊಂಡ. “ಹೊರಡೋ ಮುಂಚೆ ಸ್ನಾನದ ಮನೆ ಬಾಗಿಲು ಹಾಕ್ಕೊಂಡು ಥರ್ಮಾಮೀಟರ್ ಇಟ್ಟು ನೋಡಿದ್ದೆ. ಸರಿಯಾಗಿ ತೋರಿಸ್ತಿದೆಯೋ ಇಲ್ವೋ ಅಂತ ಇನ್ನೊಂದು ಸಲ ನೋಡಿದೆ. ಎರಡು ಸಲಾನೂ ಅಷ್ಟೇ ಇತ್ತು. ತೊಳೆದು ಡಬ್ಬಿಗೆ ಹಾಕಿ ಬಂದೆ.”

ಹಾಲಿನಲ್ಲಿ ಟೀವಿ ಪೂರ್ತಿ ನಿಂತಿತ್ತು. ಅಕ್ಕ ಅವನನ್ನು ನೋಡಲಿಲ್ಲ, ಷರಟನ್ನೂ ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯ ವೈರನ್ನು ಪ್ಲಗ್ಗಿನಿಂದ ಕಿತ್ತು, ಅದು ಬಿಸಿಯಿರುವಾಗ ಸುತ್ತಬಾರದೆಂದು ತಿಳಿದೂ, ಹಿಡಿಗೆ ಒಂದು ಸುತ್ತು ಸುತ್ತಿದಳು, ಬಿಚ್ಚಿದಳು. ಆಮೇಲೆ, ಮಗ್ಗಿ ಕೇಳುವವಳ ಹಾಗೆ ಸಮನಾದ ದನಿಯಲ್ಲಿ, “ಎಷ್ಟಿತ್ತು?” ಎಂದಳು.

“ನೂರು ಪಾಯಿಂಟ್ ಎಂಟು” ಎಂದ.